ಸಿಟ್ಟಿನ ನೃತ್ಯಗಳನ್ನು ಮತ್ತೆ ರಂಗಕ್ಕೆ ತರುವುದು

ಎಲ್ಲರಿಗೂ ನಮಸ್ಕಾರ.

ನೃತ್ಯದ ಬಗ್ಗೆ ಒಂದು ಮಾತನ್ನು ನಾವು ಜಾಸ್ತಿ ಕೇಳುತ್ತೇವೆ. ಕುಣಿದು ಮುಗಿದ ಮೇಲೆ ಅದು ಉಳಿಯುವುದಿಲ್ಲ, ಕಳೆದುಹೋಗುವುದೇ ಅದರ ಸ್ವಭಾವ ಅಂತ. ಇವತ್ತು ನಾನು ಹೇಳಲಿರುವ ನೃತ್ಯಗಳ ಮಟ್ಟಿಗೆ ಈ ಮಾತನ್ನು ಒಪ್ಪುವುದಿಲ್ಲ. 1930 ಮತ್ತು 40ರ ದಶಕಗಳಲ್ಲಿ, ಹೆಚ್ಚಾಗಿ ಅಮೆರಿಕ ಮತ್ತು ಜರ್ಮನಿಯಲ್ಲಿ ಹುಟ್ಟಿದ ಈ ರಾಜಕೀಯ ನೃತ್ಯಗಳು ತಾವಾಗಿ ಮರೆಯಾಗಲಿಲ್ಲ. ಸರ್ಕಾರ ಹಣ ನಿಲ್ಲಿಸಿತು. ಕುಣಿದವರ ಮೇಲೆ ಕಡತ ತೆರೆಯಿತು. ಕೆಲವರು ದೇಶ ಬಿಟ್ಟು ಓಡಬೇಕಾಯಿತು. ಇನ್ನು ಕೆಲವನ್ನು ಕಟ್ಟಿದವರೇ ಪಕ್ಕಕ್ಕೆ ಸರಿಸಿದರು. ಹೀಗೆ ಹೋದ ನೃತ್ಯವನ್ನು ಮತ್ತೆ ಕಟ್ಟುವಾಗ ಬರೀ ಹೆಜ್ಜೆಗಳನ್ನು ಹುಡುಕಿದರೆ ಸಾಲದು. ಆ ಹೆಜ್ಜೆ ಯಾರ ಮುಂದೆ, ಯಾರ ಪರವಾಗಿ, ಯಾರ ವಿರುದ್ಧ ಬಿತ್ತು ಅನ್ನುವುದನ್ನೂ ಹುಡುಕಬೇಕು. ನನ್ನ ಇಡೀ ಮಾತು ಇದರ ಸುತ್ತಲೇ ಇದೆ.

ನ್ಯೂಯಾರ್ಕಿನಿಂದ ಶುರು ಮಾಡುತ್ತೇನೆ. 1932. ಆರ್ಥಿಕ ಕುಸಿತದಿಂದ ಲಕ್ಷಾಂತರ ಜನಕ್ಕೆ ಕೆಲಸವಿಲ್ಲದ ಕಾಲ. ಕೆಂಟಕಿಯ ಕಲ್ಲಿದ್ದಲು ಗಣಿ ಕಾರ್ಮಿಕರ ಹೋರಾಟಕ್ಕೆ ಬೆಂಬಲವಾಗಿ ಹೋಗಿದ್ದ ಹ್ಯಾರಿ ಸಿಮ್ಸ್ ಎಂಬ ಯುವ ಕಮ್ಯುನಿಸ್ಟ್ ಕಾರ್ಯಕರ್ತನನ್ನು ಅಲ್ಲಿ ಗುಂಡು ಹೊಡೆದು ಕೊಂದರು. ಅವನ ಅಂತ್ಯಕ್ರಿಯೆಯ ಬೆನ್ನಿಗೇ ನ್ಯೂಯಾರ್ಕಿನ ಕೆಲವು ನೃತ್ಯ ವಿದ್ಯಾರ್ಥಿನಿಯರು ಸೇರಿ ಒಂದು ಗುಂಪು ಕಟ್ಟಿಕೊಂಡರು. ಅದೇ ನ್ಯೂ ಡಾನ್ಸ್ ಗ್ರೂಪ್. ಜರ್ಮನಿಯ ದೊಡ್ಡ ನರ್ತಕಿ ಮೇರಿ ವಿಗ್ಮನ್ ಹೆಸರಿನಲ್ಲಿ ಹಾನ್ಯಾ ಹೋಲ್ಮ್ ನಡೆಸುತ್ತಿದ್ದ ಶಾಲೆಯಲ್ಲಿ ಕಲಿಯುತ್ತಿದ್ದ ಹುಡುಗಿಯರು ಇವರು. ‘ನೃತ್ಯ ವರ್ಗ ಹೋರಾಟದ ಒಂದು ಆಯುಧ’ ಅನ್ನುವುದು ಅವರ ಘೋಷಣೆ. ಹತ್ತು ಸೆಂಟ್ ಕೊಟ್ಟರೆ ಯಾರು ಬೇಕಾದರೂ ಹೋಗಿ ಕಲಿಯಬಹುದಿತ್ತು. ಒಂದು ಗಂಟೆ ನೃತ್ಯದ ಪಾಠ. ಇನ್ನೊಂದು ಗಂಟೆ ಮುಷ್ಕರ, ನಿರುದ್ಯೋಗದಂಥ ಯಾವುದಾದರೂ ವಿಷಯ ಹಿಡಿದು ಅಲ್ಲೇ ಕುಣಿದು ಕಟ್ಟುವುದು. ಮೂರನೇ ಗಂಟೆ ರಾಜಕೀಯದ ಚರ್ಚೆ.

ಈ ಮೂರನೇ ಗಂಟೆಯನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಇವತ್ತು ಇವರ ನೃತ್ಯವನ್ನು ಮತ್ತೆ ಕಲಿಸುವವರು ಮೊದಲ ಎರಡು ಗಂಟೆಯನ್ನು ಹೇಗೋ ಒದಗಿಸುತ್ತಾರೆ. ಮೂರನೆಯದಕ್ಕೆ ರಿಹರ್ಸಲ್‌ನಲ್ಲಿ ಸಮಯವೇ ಇರುವುದಿಲ್ಲ. ಚರ್ಚೆ ಮಾಡದೆ ಕಲಿತ ಕೈಕಾಲು ಬೇರೆ ಥರ ಆಡುತ್ತದೆ, ಅದು ನೋಡುವವರಿಗೆ ಗೊತ್ತಾಗುತ್ತದೆ ಅಂತ ನಾನು ನಂಬಿದ್ದೇನೆ.

ಆ ಗುಂಪಿನಿಂದ ಬಂದ ಕೆಲಸಗಳು ಚಿಕ್ಕವು, ನೇರವಾದವು. ಜೇನ್ ಡಡ್ಲಿ ‘ಟೈಮ್ ಈಸ್ ಮನಿ’ ಅಂತ ಮಾಡಿದರು. ಕಾರ್ಖಾನೆಯ ವೇಗ ಒಬ್ಬ ಕೆಲಸಗಾರನ ಮೈಯನ್ನು ಹೇಗೆ ಆಳುತ್ತದೆ ಅನ್ನುವುದೇ ಅದರ ವಸ್ತು. ಹಿನ್ನೆಲೆಗೆ ವಾದ್ಯವಿಲ್ಲ, ಒಂದು ಕವಿತೆಯ ಓದು. ಈವ್ ಜೆಂಟ್ರಿ 1938ರಲ್ಲಿ ‘ಟೆನೆಂಟ್ ಆಫ್ ದ ಸ್ಟ್ರೀಟ್’ ಮಾಡಿದರು. ಮನೆಯಿಲ್ಲದ ಒಬ್ಬ ಹೆಂಗಸು, ಸುತ್ತ ಬೀದಿಯ ಸದ್ದು. ಅಷ್ಟೇ. ಸೋಫಿ ಮಾಸ್ಲೋ 1941ರಲ್ಲಿ ಜನಪದ ಗಾಯಕ ವುಡಿ ಗತ್ರಿಯ ಹಾಡುಗಳನ್ನು ಹಿಡಿದು, ಬರದಿಂದ ಊರು ಬಿಟ್ಟ ರೈತರ ಮೇಲೆ ‘ಡಸ್ಟ್ ಬೌಲ್ ಬ್ಯಾಲಡ್ಸ್’ ಮಾಡಿದರು.

ಎರಡನೇ ಮಹಾಯುದ್ಧ ಮುಗಿದ ಮೇಲೆ ಗಾಳಿ ತಿರುಗಿತು. ಅಮೆರಿಕದ ಸಂಸತ್ತಾದ ಕಾಂಗ್ರೆಸ್‌ನ ಸಮಿತಿಗಳು ಕಲಾವಿದರನ್ನು ಕರೆಸಿ ನೀನು ಕಮ್ಯುನಿಸ್ಟಾ, ನಿನ್ನ ಗೆಳೆಯರು ಯಾರು ಅಂತ ಕೇಳತೊಡಗಿದವು. ಉತ್ತರ ಕೊಡದಿದ್ದರೆ ಕೆಲಸ ಹೋಗುತ್ತಿತ್ತು. ಇಂಥ ಹೊತ್ತಲ್ಲಿ ಹಳೆಯ ಹೋರಾಟದ ನೃತ್ಯವನ್ನು ಯಾರು ತಾನೇ ಮತ್ತೆ ಕುಣಿಯುತ್ತಾರೆ? ಅದರ ಬಗ್ಗೆ ಮಾತೂ ನಿಂತಿತು. ಕಲೆಗೆ ರಾಜಕೀಯ ಬೇಡ ಅನ್ನುವ ಅಭಿರುಚಿಯೂ ಜೊತೆಗೇ ಬೆಳೆಯಿತು. 1993ರಲ್ಲಿ ಅಮೆರಿಕನ್ ಡಾನ್ಸ್ ಗಿಲ್ಡ್ ಈ ಗುಂಪಿನ ಹಳೆಯ ಕೆಲಸಗಳನ್ನು ಒಟ್ಟು ಸೇರಿಸಿ ನ್ಯೂಯಾರ್ಕಿನಲ್ಲಿ ಒಂದು ಸಂಜೆ ನಡೆಸಿತು. ಆಗ ಮೂಲ ಕಲಾವಿದರಲ್ಲಿ ಕೆಲವರು ಬದುಕಿದ್ದರು. ಈವ್ ಜೆಂಟ್ರಿ ತೀರಿಕೊಂಡದ್ದು ಮರುವರ್ಷವೇ, 1994ರಲ್ಲಿ. ಎಷ್ಟು ಅಂಚಿನಲ್ಲಿ ನಡೆದ ಕೆಲಸ ನೋಡಿ.

ಇದೇ ಗುಂಪಿಗೆ 1941ರಲ್ಲಿ ವಿದ್ಯಾರ್ಥಿವೇತನ ಪಡೆದು ಬಂದವರು ಪರ್ಲ್ ಪ್ರೈಮಸ್. ಟ್ರಿನಿಡಾಡ್‌ನಲ್ಲಿ ಹುಟ್ಟಿ ನ್ಯೂಯಾರ್ಕಿನಲ್ಲಿ ಬೆಳೆದ ಕಪ್ಪು ಹುಡುಗಿ. 1943ರಲ್ಲಿ ‘ಸ್ಟ್ರೇಂಜ್ ಫ್ರೂಟ್’ ಕುಣಿದರು. ಅಮೆರಿಕದ ದಕ್ಷಿಣದಲ್ಲಿ ಕಪ್ಪು ಜನರನ್ನು ಗುಂಪು ಕಟ್ಟಿ ಹಿಡಿದು ಮರಕ್ಕೆ ನೇಣು ಹಾಕುತ್ತಿದ್ದುದರ ಮೇಲೆ ಏಬಲ್ ಮಿಯರೊಪೋಲ್ ಎಂಬ ಶಾಲಾ ಮೇಷ್ಟ್ರು ಬರೆದ ಕವಿತೆ ಅದು. ಬಿಲ್ಲಿ ಹಾಲಿಡೇ ಹಾಡಿ ಎಲ್ಲರಿಗೂ ಗೊತ್ತಾಗಿತ್ತು. ಪ್ರೈಮಸ್ ಸಂಗೀತವನ್ನು ಬಿಟ್ಟರು, ಕವಿತೆಯ ಮಾತನ್ನಷ್ಟೇ ಇಟ್ಟುಕೊಂಡರು. ಇನ್ನೂ ದೊಡ್ಡ ತೀರ್ಮಾನ ಬೇರೆಯದು. ಅವರು ಕುಣಿದದ್ದು ಸತ್ತವನ ಪಾತ್ರವನ್ನಲ್ಲ, ಅವನ ತಾಯಿಯದ್ದೂ ಅಲ್ಲ. ಕೊಲೆ ನೋಡಲು ನೆರೆದ ಬಿಳಿಯರ ಗುಂಪಿನಲ್ಲಿದ್ದ ಒಬ್ಬ ಹೆಂಗಸಿನ ಪಾತ್ರ. ಎಲ್ಲರೂ ಮನೆಗೆ ಹೋದ ಮೇಲೆ ಅವಳೊಬ್ಬಳೇ ಆ ಮರದ ಹತ್ತಿರ ಉಳಿದಿದ್ದಾಳೆ. ತಾನು ಏನನ್ನು ನೋಡಿದೆ ಅನ್ನುವುದು ಈಗ ಅವಳ ಮೈಗೆ ತಟ್ಟುತ್ತಿದೆ. ನೆಲಕ್ಕೆ ಬೀಳುತ್ತಾಳೆ, ಹೊರಳುತ್ತಾಳೆ, ತಿರುಚಿಕೊಳ್ಳುತ್ತಾಳೆ.

ಕಪ್ಪು ನರ್ತಕಿಯೊಬ್ಬಳು, ಕೊಲೆಗಾರರ ಕಡೆಯ ಹೆಂಗಸಿನ ಒಳಗೆ ಹೊಕ್ಕು ನೋಡುತ್ತಾಳೆ. ಇದು ಗೊತ್ತಿಲ್ಲದೆ ಈ ನೃತ್ಯವನ್ನು ನೋಡಿದರೆ ದುಃಖದ ನೃತ್ಯ ಅನ್ನಿಸುತ್ತದೆ. ಗೊತ್ತಿದ್ದು ನೋಡಿದರೆ ಅದು ಪ್ರೇಕ್ಷಕರ ಕಡೆ ತಿರುಗುತ್ತದೆ. ನೋಡುತ್ತಾ ಕೂತಿರುವ ನೀವು ಯಾರು ಅಂತ ಕೇಳುತ್ತದೆ. 1988ರ ಹೊತ್ತಿಗೆ ಅಮೆರಿಕನ್ ಡಾನ್ಸ್ ಫೆಸ್ಟಿವಲ್ ಕಪ್ಪು ಕಲಾವಿದರ ಹಳೆಯ ನೃತ್ಯಗಳನ್ನು ಉಳಿಸುವ ಯೋಜನೆ ಹಾಕಿದಾಗ ಪ್ರೈಮಸ್ ಅವರ ನೃತ್ಯಗಳನ್ನು ಫಿಲಡೆಲ್ಫಿಯಾದ ತಂಡವೊಂದರ ನರ್ತಕಿ ಕಲಿತು ಕುಣಿದರು. ಪ್ರೈಮಸ್ ಇನ್ನೂ ಇದ್ದರು. ಎಫ್‌ಬಿಐ ಒಂದು ಕಾಲಕ್ಕೆ ಅವರ ಮೇಲೆ ಕಣ್ಣಿಟ್ಟು ಕಡತ ಇಟ್ಟುಕೊಂಡಿತ್ತು. ಅದೇ ದೇಶ ಕೊನೆಗೆ ಅವರಿಗೆ ರಾಷ್ಟ್ರೀಯ ಕಲಾ ಪದಕವನ್ನೂ ಕೊಟ್ಟಿತು.

ಇನ್ನು ಮಾರ್ಥಾ ಗ್ರಹಾಂ. ಇವರ ಹೆಸರು ನಿಮ್ಮಲ್ಲಿ ಹಲವರಿಗೆ ಗೊತ್ತು. ಗ್ರೀಕ್ ಪುರಾಣದ ಹೆಣ್ಣುಗಳನ್ನು ಕುಣಿದವರು ಅಂತ ನೆನಪಿರಬಹುದು. ಅದಕ್ಕೂ ಮೊದಲಿನ ಗ್ರಹಾಂ ಬೇರೆ. 1936ರಲ್ಲಿ ಬರ್ಲಿನ್ ಒಲಿಂಪಿಕ್ಸ್ ಜೊತೆ ನಡೆಯುವ ನೃತ್ಯೋತ್ಸವಕ್ಕೆ ಬನ್ನಿ ಅಂತ ಜರ್ಮನಿಯಿಂದ ಅವರಿಗೆ ಕರೆ ಬಂತು. ಅವರು ಹೋಗಲಿಲ್ಲ. ತಾನು ಗೌರವಿಸುವ ಎಷ್ಟೋ ಕಲಾವಿದರನ್ನು ಅಲ್ಲಿ ಹಿಂಸಿಸುತ್ತಿದ್ದಾರೆ, ಕೆಲಸ ಮಾಡುವ ಹಕ್ಕನ್ನೇ ಕಿತ್ತುಕೊಂಡಿದ್ದಾರೆ, ಅಂಥ ಆಡಳಿತದ ಜೊತೆ ಸೇರಲಾರೆ ಅಂತ ಬರೆದರು. ಅವರ ತಂಡದಲ್ಲಿ ಯಹೂದಿ ಹುಡುಗಿಯರು ಬಹಳ ಮಂದಿ ಇದ್ದರು. ಅದೇ ವರ್ಷ ಡಿಸೆಂಬರ್ 20ರಂದು ನ್ಯೂಯಾರ್ಕಿನ ಗಿಲ್ಡ್ ಥಿಯೇಟರಿನಲ್ಲಿ ‘ಕ್ರಾನಿಕಲ್’ ಮಾಡಿದರು. ಯುದ್ಧಕ್ಕೆ ಮೊದಲು, ಯುದ್ಧವಾದ ಮೇಲೆ, ಆಮೇಲೆ ಎದ್ದು ನಿಲ್ಲುವುದು. ರಂಗದ ಮೇಲೆ ಬರೀ ಹೆಂಗಸರು.

ಎರಡು ವರ್ಷದೊಳಗೆ ‘ಕ್ರಾನಿಕಲ್’ ಅವರ ಪ್ರದರ್ಶನಗಳಿಂದ ಮರೆಯಾಯಿತು. ಅರ್ಧ ಶತಮಾನ ಯಾರೂ ನೋಡಲಿಲ್ಲ. ಆಮೇಲೆ ಸಿಕ್ಕಿದ್ದು ಜೂಲಿಯನ್ ಬ್ರಯನ್ ತೆಗೆದ ಹಳೆಯ ಮೂಕಿ ಫಿಲಂ. ಅದನ್ನು ಇಟ್ಟುಕೊಂಡು 1989ರಲ್ಲಿ ಯೂರಿಕೊ ಎಂಬ ಹಿರಿಯ ನರ್ತಕಿ ಅದರ ಒಂದು ಭಾಗವನ್ನು, ‘ಸ್ಟೆಪ್ಸ್ ಇನ್ ದ ಸ್ಟ್ರೀಟ್’ ಅನ್ನು, ಮತ್ತೆ ಕಟ್ಟಿದರು. ಗ್ರಹಾಂ ಆಗ ಬದುಕಿದ್ದರು.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಈ ಭಾಗಕ್ಕೆ ಗ್ರಹಾಂ ಇಟ್ಟ ಉಪಶೀರ್ಷಿಕೆಯಲ್ಲಿ ಮೂರು ಮಾತಿದೆ. ನಾಶ, ಮನೆಯಿಲ್ಲದಿರುವುದು, ಗಡಿಪಾರು. ಯೂರಿಕೊ ಯಾರು? ಕ್ಯಾಲಿಫೋರ್ನಿಯಾದಲ್ಲಿ 1920ರಲ್ಲಿ ಹುಟ್ಟಿದ ಜಪಾನಿ ಮೂಲದ ಅಮೆರಿಕನ್ ಪ್ರಜೆ. ಯುದ್ಧಕಾಲದಲ್ಲಿ ಅಮೆರಿಕ ಸರ್ಕಾರ ಜಪಾನಿ ಮೂಲದ ತನ್ನದೇ ಪ್ರಜೆಗಳನ್ನು ಮನೆ ಬಿಡಿಸಿ ಮುಳ್ಳುತಂತಿಯ ಶಿಬಿರಗಳಿಗೆ ಹಾಕಿತಲ್ಲ, ಅದರಲ್ಲಿ ಇವರೂ ಒಬ್ಬರು. ಅರಿಜೋನಾ ಮರುಭೂಮಿಯ ಗಿಲಾ ರಿವರ್ ಶಿಬಿರದಲ್ಲಿ ಇದ್ದರು. ಅಲ್ಲೇ ಮಕ್ಕಳಿಗೆ ನೃತ್ಯ ಕಲಿಸಿದರು. ಹೊರಗೆ ಬಂದ ಮೇಲೆ ನ್ಯೂಯಾರ್ಕಿಗೆ ಹೋಗಿ 1944ರಲ್ಲಿ ಗ್ರಹಾಂ ತಂಡ ಸೇರಿದರು. ಅಂದರೆ ‘ಕ್ರಾನಿಕಲ್’ ಮೊದಲ ಸಲ ಕುಣಿದಾಗ ಅವರು ತಂಡದಲ್ಲಿರಲಿಲ್ಲ, ಆ ಹೆಜ್ಜೆ ಅವರ ಮೈಯ ನೆನಪಿನಲ್ಲಿ ಇರಲು ಸಾಧ್ಯವೇ ಇಲ್ಲ. ಆದರೆ ಆ ಮೂರು ಮಾತುಗಳ ಅರ್ಥ ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಹಳೆಯ ಮೂಕಿ ಫಿಲಂನಿಂದ ನೃತ್ಯ ತೆಗೆಯುವುದು ಸುಲಭದ ಕೆಲಸವಲ್ಲ. ಆ ಕಾಲದ ಕ್ಯಾಮೆರಾದ ವೇಗವೂ ನಾವು ಈಗ ಓಡಿಸುವ ವೇಗವೂ ಒಂದೇ ಆಗಿರಬೇಕೆಂದಿಲ್ಲ. ಸ್ವಲ್ಪ ತಪ್ಪಿದರೂ ಭಾರದ ಹೆಜ್ಜೆ ಲಗುಬಗೆಯ ಹೆಜ್ಜೆ ಆಗಿಬಿಡುತ್ತದೆ. ಸದ್ದಿಲ್ಲ, ಹಾಗಾಗಿ ತಾಳ ಎಲ್ಲಿ ಬೀಳುತ್ತಿತ್ತು ಅಂತ ಕಾಲನ್ನು ನೋಡಿಯೇ ಊಹಿಸಬೇಕು. ಚೌಕಟ್ಟಿನ ಆಚೆ ಇದ್ದವರು ಏನು ಮಾಡುತ್ತಿದ್ದರು? ಗೊತ್ತಾಗುವುದಿಲ್ಲ. ‘ಸ್ಟೆಪ್ಸ್ ಇನ್ ದ ಸ್ಟ್ರೀಟ್’ ವಿಷಯದಲ್ಲಿ ಸಂಗೀತವೂ ಕೈಕೊಟ್ಟಿತು. ಮೂಲ ಸಂಗೀತ ವಾಲಿಂಗ್‌ಫರ್ಡ್ ರೀಗರ್ ಅವರದು. ಅದರ ಬದಲಿಗೆ ಅದೇ ರೀಗರ್ ಇನ್ನೊಬ್ಬ ನೃತ್ಯ ಸಂಯೋಜಕಿ ಡೋರಿಸ್ ಹಂಫ್ರಿಗಾಗಿ ಬರೆದ ‘ನ್ಯೂ ಡಾನ್ಸ್’ ಕೃತಿಯ ಕೊನೆಯ ಭಾಗವನ್ನು ಹೊಸದಾಗಿ ವಾದ್ಯಗಳಿಗೆ ಹೊಂದಿಸಿ ಬಳಸಿದರು. ಈಗ ನಾವು ನೋಡುವ ನೃತ್ಯ ಗ್ರಹಾಂ ಅವರದು, ಸಂಗೀತ ಹಂಫ್ರಿಯ ನೃತ್ಯದ್ದು. ಇದನ್ನು ಮೋಸ ಅನ್ನಬೇಕಾ? ನಾನು ಅನ್ನುವುದಿಲ್ಲ. ಹೇಳಿ ಮಾಡಿದ ತೇಪೆ ಮೋಸವಲ್ಲ. ಮುಚ್ಚಿಟ್ಟ ತೇಪೆಯ ಬಗ್ಗೆ ಮಾತ್ರ ನನಗೆ ತಕರಾರಿದೆ.

ಆ ನೃತ್ಯ ಮೌನದಲ್ಲಿ ಶುರುವಾಗುತ್ತದೆ. ಕಪ್ಪು ಉಡುಪಿನ ಹೆಂಗಸರು ಒಬ್ಬೊಬ್ಬರಾಗಿ ಹಿಂದಕ್ಕೆ ಹೆಜ್ಜೆ ಇಡುತ್ತಾ ರಂಗಕ್ಕೆ ಬರುತ್ತಾರೆ. ಎಲ್ಲಿಗೆ ಹೋಗುತ್ತಿದ್ದೇವೆ ಅಂತ ಅವರಿಗೆ ಕಾಣುವುದಿಲ್ಲ, ಬಿಟ್ಟು ಬಂದದ್ದು ಮಾತ್ರ ಕಾಣುತ್ತದೆ. ಆಮೇಲೆ ಗುಂಪಾಗಿ ನೆಗೆತ. ಬ್ಯಾಲೆಯ ನೆಗೆತ ಮೇಲಕ್ಕೆ ತೇಲುತ್ತದೆ, ಇದು ನೆಲವನ್ನು ಹೊಡೆಯುತ್ತದೆ. ಇವತ್ತಿನ ನರ್ತಕಿಯರಿಗೆ ಇದೇ ಕಷ್ಟ. ಅವರ ಮೈ ಹಗುರಾಗಿ ಪಳಗಿದೆ. ಕಾಲು ಕಿವಿಯವರೆಗೆ ಹೋಗುತ್ತದೆ, ಇಳಿಯುವಾಗ ಸದ್ದೇ ಆಗುವುದಿಲ್ಲ. ಈ ನೃತ್ಯಕ್ಕೆ ಸದ್ದು ಬೇಕು. 1930ರ ದಶಕದ ಆ ಹುಡುಗಿಯರಲ್ಲಿ ಹಲವರು ಹಗಲು ದುಡಿದು ಸಂಜೆ ಕುಣಿಯಲು ಬರುತ್ತಿದ್ದರು. ಆ ದಣಿವು, ಆ ಗಟ್ಟಿತನ ನೃತ್ಯದ ಒಳಗೇ ಇತ್ತು. ಚಂದ ಮಾಡಿದಷ್ಟೂ ಅದು ಸೋರಿಹೋಗುತ್ತದೆ.

ಗ್ರಹಾಂ ಅವರದೇ ಇನ್ನೊಂದು ಕೆಲಸವನ್ನು ಮತ್ತೆ ಕಟ್ಟಿದವರು ಬೇರೆಯೇ ದಾರಿ ಹಿಡಿದರು. 1937ರಲ್ಲಿ, ಸ್ಪೇನಿನ ಅಂತರ್ಯುದ್ಧ ನಡೆಯುತ್ತಿದ್ದಾಗ, ಗ್ರಹಾಂ ಅಮೆರಿಕದ ಬೆನ್ನಿಂಗ್ಟನ್‌ ಕಾಲೇಜಿನಲ್ಲಿ ‘ಇಮ್ಮೀಡಿಯೆಟ್ ಟ್ರಾಜಿಡಿ’ ಅಂತ ಒಬ್ಬರೇ ಕುಣಿದರು. ಸಂಗೀತ ಹೆನ್ರಿ ಕವೆಲ್ ಅವರದು. ಕವೆಲ್ ಆಗ ಕ್ಯಾಲಿಫೋರ್ನಿಯಾದ ಸ್ಯಾನ್ ಕ್ವೆಂಟಿನ್ ಜೈಲಿನಲ್ಲಿದ್ದರು. ಸಲಿಂಗ ಸಂಬಂಧ ಆಗ ಅಪರಾಧ, ಅದಕ್ಕಾಗಿ ಶಿಕ್ಷೆ. ನೃತ್ಯವನ್ನು ನೋಡುವ ದಾರಿಯೇ ಇಲ್ಲ. ಆದ್ದರಿಂದ ಸಂಗೀತದ ಒಂದೊಂದು ತುಣುಕನ್ನೂ ಬೇರೆ ಬೇರೆ ಉದ್ದದಲ್ಲಿ ಬರೆದು ಕಳಿಸಿದರು. ಅಲ್ಲಿದ್ದವರು ನೃತ್ಯಕ್ಕೆ ತಕ್ಕಂತೆ ಹಿಗ್ಗಿಸಿ ಕುಗ್ಗಿಸಿ ಜೋಡಿಸಿಕೊಂಡರು.

ಆ ನೃತ್ಯದ ಫಿಲಂ ಸಿಕ್ಕಿಲ್ಲ. ಸಿಕ್ಕಿದ್ದು ಕೆಲವು ಫೋಟೋ, ಪತ್ರ, ವಿಮರ್ಶೆ. 2020ರಲ್ಲಿ, ಕೋವಿಡ್‌ನಿಂದ ಎಲ್ಲರೂ ಮನೆಯೊಳಗೆ ಸಿಕ್ಕಿಬಿದ್ದಾಗ, ಗ್ರಹಾಂ ಕಂಪನಿಯ ನರ್ತಕರಿಗೆ ತಲಾ ಕೆಲವು ಫೋಟೋ ಕೊಟ್ಟರು. ಪ್ರತಿಯೊಬ್ಬರೂ ತಮ್ಮ ಮನೆಯಲ್ಲೇ ಆ ಭಂಗಿಗಳ ನಡುವೆ ಚಲನೆ ಕಟ್ಟಿ ಚಿತ್ರೀಕರಿಸಿದರು. ಕ್ರಿಸ್ಟೋಫರ್ ರೌಂಟ್ರಿ ಹೊಸ ಸಂಗೀತ ಬರೆದರು. ಇದು ಮೂಲ ನೃತ್ಯ ಅಂತ ಯಾರೂ ಹೇಳಿಕೊಳ್ಳಲಿಲ್ಲ. ನನಗೆ ಮೆಚ್ಚುಗೆಯಾದದ್ದು ಅದೇ. ಗೋಡೆಗಳ ನಡುವೆ ಕೂತು ಒಬ್ಬ ಬರೆದ ಸಂಗೀತದ ನೃತ್ಯವನ್ನು ಗೋಡೆಗಳ ನಡುವೆ ಇದ್ದವರು ಮತ್ತೆ ಹುಡುಕಿದರು.

ಈಗ ನನಗೆ ಎಲ್ಲಕ್ಕಿಂತ ಕಷ್ಟ ಅನ್ನಿಸುವ ಉದಾಹರಣೆಗೆ ಬರುತ್ತೇನೆ. ನ್ಯೂಯಾರ್ಕಿನ ನೃತ್ಯ ಸಂಯೋಜಕಿ ಹೆಲೆನ್ ಟಾಮಿರಿಸ್ ಅವರ ‘ಹೌ ಲಾಂಗ್, ಬ್ರೆದ್ರೆನ್?’ ರೂಸ್‌ವೆಲ್ಟ್ ಸರ್ಕಾರ ಕೆಲಸವಿಲ್ಲದ ಕಲಾವಿದರಿಗೆ ಸಂಬಳ ಕೊಟ್ಟು ಕೆಲಸ ಮಾಡಿಸಿದ ಕಾಲ ಅದು. ನರ್ತಕರಿಗೂ ಅದರಲ್ಲಿ ಜಾಗ ಸಿಗಬೇಕು ಅಂತ ಹೋರಾಡಿದವರಲ್ಲಿ ಟಾಮಿರಿಸ್ ಮುಂದೆ ಇದ್ದರು. 1937ರ ಮೇ ತಿಂಗಳಲ್ಲಿ ನ್ಯೂಯಾರ್ಕಿನ ನೋರಾ ಬೇಯಿಸ್ ಥಿಯೇಟರಿನಲ್ಲಿ ಈ ನೃತ್ಯ ಬಂತು. ಲಾರೆನ್ಸ್ ಗೆಲರ್ಟ್ ದಕ್ಷಿಣದ ಊರುಗಳಲ್ಲಿ ಕಪ್ಪು ದುಡಿಮೆಗಾರರಿಂದ ಸಂಗ್ರಹಿಸಿದ ಪ್ರತಿಭಟನೆಯ ಹಾಡುಗಳು ಅದರ ಆಧಾರ. ಹಾಡಿದವರ ಹೆಸರನ್ನು ಗೆಲರ್ಟ್ ಬಯಲು ಮಾಡಲಿಲ್ಲ. ಹೆಸರು ಗೊತ್ತಾದರೆ ಅವರ ಜೀವಕ್ಕೇ ಅಪಾಯವಿತ್ತು.

ರಂಗದ ಮೇಲೆ ಆ ಹಾಡುಗಳನ್ನು ಕಪ್ಪು ಗಾಯಕರ ಮೇಳ ಹಾಡಿತು. ಕುಣಿದದ್ದು ಮಾತ್ರ ಟಾಮಿರಿಸ್ ಮತ್ತು ಅವರ ಬಿಳಿಯ ನರ್ತಕಿಯರು. ಆ ಕಾಲಕ್ಕೆ ಇದು ಧೈರ್ಯದ ಕೆಲಸ, ಜನ ಮುಗಿಬಿದ್ದು ನೋಡಿದರು, ಪ್ರಶಸ್ತಿಯೂ ಬಂತು. ಇವತ್ತು ಇದನ್ನು ಹಾಗೇ ಮಾಡಿದರೆ? ಇನ್ನೊಬ್ಬರ ನೋವನ್ನು ಬಿಳಿಯ ಮೈಗಳು ಕುಣಿಯುತ್ತಿವೆ, ನೋವಿನ ಒಡೆಯರು ಪಕ್ಕದಲ್ಲಿ ನಿಂತು ಹಾಡುತ್ತಿದ್ದಾರೆ ಅಂತಲೇ ಕಾಣುತ್ತದೆ. ಬದಲಾಯಿಸಿ ಕಪ್ಪು ನರ್ತಕಿಯರಿಗೆ ಕೊಟ್ಟರೆ? ಆಗ 1937ರ ಬಿಳಿಯ ಎಡಪಂಥೀಯರ ಒಳ್ಳೆಯತನವೂ ಅವರ ಕುರುಡುತನವೂ ಒಟ್ಟಿಗೇ ಅಳಿಸಿಹೋಗುತ್ತವೆ. ಎರಡೂ ಕಡೆ ಏನೋ ಕಳೆಯುತ್ತದೆ.

ಈ ನೃತ್ಯ ಸತ್ತದ್ದು ಹೇಗೆ ಅಂದರೆ, 1939ರ ಜೂನ್ ಕೊನೆಗೆ ಅಮೆರಿಕದ ಕಾಂಗ್ರೆಸ್ ಆ ಇಡೀ ಸರ್ಕಾರಿ ರಂಗ ಯೋಜನೆಯನ್ನೇ ಮುಚ್ಚಿತು. ಕಮ್ಯುನಿಸ್ಟರು ತುಂಬಿದ್ದಾರೆ ಅನ್ನುವುದು ಒಂದು ಆರೋಪ. ಹಸ್ತಪ್ರತಿ, ಫೋಟೋ, ಉಡುಪಿನ ನಕ್ಷೆಗಳೆಲ್ಲ ಪೆಟ್ಟಿಗೆ ಸೇರಿದವು. 1974ರಲ್ಲಿ ಜಾರ್ಜ್ ಮೇಸನ್ ವಿಶ್ವವಿದ್ಯಾಲಯದ ಇಬ್ಬರು ಅಧ್ಯಾಪಕರು ಹುಡುಕಿಕೊಂಡು ಹೋದಾಗ ಅವು ಮೇರಿಲ್ಯಾಂಡಿನಲ್ಲಿ ಒಂದು ಹಳೆಯ ವಿಮಾನ ಶೆಡ್‌ನಲ್ಲಿ ಬಿದ್ದಿದ್ದವು. 1991ರಲ್ಲಿ ಅದೇ ವಿಶ್ವವಿದ್ಯಾಲಯದಲ್ಲಿ ಈ ನೃತ್ಯವನ್ನು ಮತ್ತೆ ಕಟ್ಟಿದವರು ಡಯಾನ್ ಮೆಕಿಂಟೈರ್. ಹಾರ್ಲೆಮ್‌ನಲ್ಲಿ ಸ್ವಂತ ತಂಡ ನಡೆಸಿದ, ಜಾಜ್ ಸಂಗೀತದ ಜೊತೆ ಬೆಳೆದ ಕಪ್ಪು ಸಂಯೋಜಕಿ. ಆ ಹಾಡುಗಳನ್ನು ಯಾರ ಮನೆಯಂಗಳದಿಂದ ತಂದರೋ ಅವರ ಕಡೆಯವರೊಬ್ಬರು ಈ ಸಲ ತೀರ್ಮಾನ ಮಾಡುವ ಜಾಗದಲ್ಲಿ ಇದ್ದರು. ಯಾರು ಕುಣಿಯಬೇಕು ಅನ್ನುವ ಪ್ರಶ್ನೆ ಇದರಿಂದ ಬಗೆಹರಿಯಿತು ಅಂತ ಅಲ್ಲ. ಆದರೆ ಆ ಪ್ರಶ್ನೆಯನ್ನು ಕೇಳುವ ಹಕ್ಕು ಯಾರಿಗೆ ಮೊದಲು ಸಿಗಬೇಕೋ ಅವರಿಗೆ ಸಿಕ್ಕಿತು.

ಇಷ್ಟೆಲ್ಲ ಕಷ್ಟಪಡದೆ ಉಳಿದ ಒಂದು ನೃತ್ಯವೂ ಇದೆ. ಜರ್ಮನಿಯ ನೃತ್ಯ ಸಂಯೋಜಕ ಕುರ್ಟ್ ಯೋಸ್ ಅವರ ‘ಹಸಿರು ಮೇಜು’. 1932ರ ಜುಲೈಯಲ್ಲಿ ಪ್ಯಾರಿಸ್ಸಿನ ಸ್ಪರ್ಧೆಯಲ್ಲಿ ಮೊದಲ ಬಹುಮಾನ ಪಡೆಯಿತು. ಮುಖವಾಡ ಹಾಕಿದ, ಕಪ್ಪು ಕೋಟಿನ ಹತ್ತು ರಾಜತಾಂತ್ರಿಕರು ಒಂದು ಹಸಿರು ಮೇಜಿನ ಸುತ್ತ ಬಾಗಿ ಬಳುಕಿ ಮಾತುಕತೆ ನಡೆಸುತ್ತಾರೆ. ಕೊನೆಗೆ ಪಿಸ್ತೂಲು ಹಾರಿಸುತ್ತಾರೆ. ಯುದ್ಧ ಶುರು. ಸಾವು ಬಂದು ಸೈನಿಕ, ತಾಯಿ, ಹುಡುಗಿ, ಹೀಗೆ ಒಬ್ಬೊಬ್ಬರನ್ನೇ ಒಯ್ಯುತ್ತದೆ. ಎಲ್ಲ ಮುಗಿದ ಮೇಲೆ ಮತ್ತೆ ಅದೇ ಮೇಜು, ಅದೇ ಹತ್ತು ಜನ. ಮರುವರ್ಷ ನಾಜಿಗಳು ಅಧಿಕಾರಕ್ಕೆ ಬಂದಾಗ ತಂಡದ ಯಹೂದಿಗಳನ್ನು ತೆಗೆದುಹಾಕು ಅಂತ ಯೋಸ್ ಮೇಲೆ ಒತ್ತಡ ಬಂತು. ಸಂಗೀತ ಬರೆದ ಫ್ರಿಟ್ಜ್ ಕೋಹೆನ್ ಯಹೂದಿ. ಯೋಸ್ ಒಪ್ಪದೆ ತಂಡದ ಜೊತೆ ದೇಶ ಬಿಟ್ಟರು. ಇಂಗ್ಲೆಂಡಿನ ಡಾರ್ಟಿಂಗ್ಟನ್ ಹಾಲ್ ಅವರಿಗೆ ಜಾಗ ಕೊಟ್ಟಿತು. ಅಲ್ಲಿ ಆನ್ ಹಚಿನ್ಸನ್ ಎಂಬ ವಿದ್ಯಾರ್ಥಿನಿ ಇಡೀ ನೃತ್ಯವನ್ನು ಲಾಬನ್ ಲಿಪಿಯಲ್ಲಿ ಬರೆದಿಟ್ಟರು. ಕೆಳಗಿನಿಂದ ಮೇಲಕ್ಕೆ ಓದುವ ಲಿಪಿ ಅದು. ಗುರುತಿನ ಆಕಾರ ದಿಕ್ಕನ್ನು ಹೇಳುತ್ತದೆ, ಅದರ ಉದ್ದ ಕಾಲವನ್ನು ಹೇಳುತ್ತದೆ. ಆ ಬರಹದಿಂದ, ಜೊತೆಗೆ ಯೋಸ್ ಮಗಳು ಆನಾ ಮಾರ್ಕರ್ಡ್ ಊರೂರಿಗೆ ಹೋಗಿ ಕಲಿಸಿದ್ದರಿಂದ, ಈ ನೃತ್ಯ ಇವತ್ತಿಗೂ ಜೀವಂತವಾಗಿದೆ. ಬರೀ ಲಿಪಿ ಇದ್ದಿದ್ದರೆ ಸಾಕಾಗುತ್ತಿರಲಿಲ್ಲ ಅನ್ನಿಸುತ್ತದೆ. ಇಲ್ಲಿ ಭರತನಾಟ್ಯ ಕಲಿತವರು ಇದ್ದೀರಿ. ಅಡವುಗಳನ್ನು ಪುಸ್ತಕದಲ್ಲಿ ಬರೆದಿಡಬಹುದು, ಆದರೆ ಅರೆಮಂಡಿಯಲ್ಲಿ ಎಷ್ಟು ಕೂರಬೇಕು ಅಂತ ಗುರುಗಳು ಭುಜ ಒತ್ತಿಯೇ ತೋರಿಸಬೇಕು, ಅಲ್ವಾ? ಅಂದಹಾಗೆ, ಹಚಿನ್ಸನ್ ಮುಂದೆ 1940ರಲ್ಲಿ ನ್ಯೂಯಾರ್ಕಿನಲ್ಲಿ ನೃತ್ಯ ಲಿಪಿಯ ಕೇಂದ್ರ ಕಟ್ಟಿದಾಗ ಜೊತೆಗಿದ್ದವರಲ್ಲಿ ಒಬ್ಬರು ಈವ್ ಜೆಂಟ್ರಿ. ಮನೆಯಿಲ್ಲದ ಆ ಹೆಂಗಸನ್ನು ಕುಣಿದವರು.

ಡಾರ್ಟಿಂಗ್ಟನ್ ಹೆಸರು ಬಂದದ್ದರಿಂದ ನಮ್ಮ ದೇಶಕ್ಕೂ ಒಂದು ಎಳೆ ಸಿಗುತ್ತದೆ. ಯೋಸ್ ಅಲ್ಲಿದ್ದ ಅದೇ ವರ್ಷಗಳಲ್ಲಿ ನಮ್ಮ ನರ್ತಕ ಉದಯ ಶಂಕರ್ ಅಲ್ಲಿಗೆ ಹೋಗಿ ಉಳಿದರು. ಅಲ್ಲಿನ ಎಲ್ಮ್‌ಹರ್ಸ್ಟ್ ಕುಟುಂಬದ ನೆರವಿನಿಂದಲೇ ಹಿಮಾಲಯದ ತಪ್ಪಲಿನ ಅಲ್ಮೋರಾದಲ್ಲಿ ಅವರ ನೃತ್ಯ ಕೇಂದ್ರ ಶುರುವಾಯಿತು. ‘ಲೇಬರ್ ಅಂಡ್ ಮೆಷಿನರಿ’ ಅಂತ ಉದಯ ಶಂಕರ್ ಮಾಡಿದ ನೃತ್ಯದಲ್ಲಿ ಮನುಷ್ಯ ಯಂತ್ರದ ಭಾಗವಾಗಿಬಿಡುವುದನ್ನು ನೋಡಬಹುದು. ನೋಡಬಹುದು ಅನ್ನುತ್ತಿದ್ದೇನೆ, ಏಕೆಂದರೆ 1948ರ ‘ಕಲ್ಪನಾ’ ಸಿನಿಮಾದಲ್ಲಿ ಅದು ಇದೆ. ಮದರಾಸಿನ ಜೆಮಿನಿ ಸ್ಟುಡಿಯೋದಲ್ಲಿ ತೆಗೆದ ಸಿನಿಮಾ. ಅದನ್ನು ಶುಚಿಮಾಡಿ, ಸರಿಪಡಿಸಿ 2012ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ತೋರಿಸಿದರು. ಅದರಲ್ಲಿ ಕುಣಿದಿದ್ದ ಅಮಲಾ ಶಂಕರ್ ತೊಂಬತ್ತು ದಾಟಿದ ವಯಸ್ಸಿನಲ್ಲಿ ಅಲ್ಲಿಗೆ ಹೋಗಿದ್ದರು.

ಆದರೆ ಅಲ್ಮೋರಾ ಕೇಂದ್ರ ಮುಚ್ಚಿದ ಮೇಲೆ ಅಲ್ಲಿಂದ ಹೊರಟವರು ಮಾಡಿದ ಕೆಲಸಕ್ಕೆ ಅಂಥ ಅದೃಷ್ಟವಿರಲಿಲ್ಲ. ಶಾಂತಿ ಬರ್ಧನ್ ಮತ್ತು ಗೆಳೆಯರು ಮುಂಬಯಿಗೆ ಹೋಗಿ ಎಡಪಂಥೀಯ ಕಲಾವಿದರ ಸಂಘಟನೆ ಇಪ್ಟಾದ (ಇಂಡಿಯನ್ ಪೀಪಲ್ಸ್ ಥಿಯೇಟರ್ ಅಸೋಸಿಯೇಷನ್) ಕೇಂದ್ರ ತಂಡ ಸೇರಿದರು. 1944ರಲ್ಲಿ ‘ಸ್ಪಿರಿಟ್ ಆಫ್ ಇಂಡಿಯಾ’, ಮರುವರ್ಷ ‘ಇಂಡಿಯಾ ಇಮ್ಮಾರ್ಟಲ್’. ಬಂಗಾಳದ ಬರಗಾಲದಲ್ಲಿ ಲಕ್ಷಗಟ್ಟಲೆ ಜನ ಸತ್ತ ಹೊತ್ತು, ಬ್ರಿಟಿಷರು ಇನ್ನೂ ಇಲ್ಲೇ ಇದ್ದರು. ಆ ನೃತ್ಯಗಳಿಗೆ ಯೂರಿಕೊ ಥರದವರು ಒಬ್ಬರು ಬೇಕು. ಬರ್ಧನ್ 1954ರಲ್ಲೇ ತೀರಿಕೊಂಡರು. ಅವರು ಕಟ್ಟಿದ ಲಿಟ್ಲ್ ಬ್ಯಾಲೆ ಟ್ರೂಪ್ ಅನ್ನು ಅವರ ಹೆಂಡತಿ ಗುಲ್ ಬರ್ಧನ್ 2010ರಲ್ಲಿ ತಾವು ಸಾಯುವ ತನಕ ನಡೆಸಿದರು. ಅವರ ಕೈಯಲ್ಲಿ ಕಲಿತವರು ಈಗಲೂ ನಮ್ಮ ನಡುವೆ ಇದ್ದಾರೆ. ಆ ಎರಡು ನೃತ್ಯಗಳ ಬಗ್ಗೆ ಅವರು ಕೇಳಿದ್ದೇನು, ತಮ್ಮ ಗುರುವಿನ ಮೈಯಲ್ಲಿ ನೋಡಿದ್ದೇನು ಅಂತ ಕ್ಯಾಮೆರಾ ಇಟ್ಟು ಕೇಳುವ ಕೆಲಸ ಈ ವರ್ಷವೇ ಶುರುವಾಗಬೇಕು.